ರೋಟರಿಯವರ ವಾರದ ಗಂಟೆ ನಿಲ್ಲಬೇಕೆ?

ಜುಲೈ ಒಂದನೇ ತಾರೀಖು ರೋಟರಿಯವರ ಯುಗಾದಿ. ಹಳೆಯ ಅಧ್ಯಕ್ಷರು ತಮ್ಮ ಕೊರಳ ಪದಕದ ಸರ ತೆಗೆದು ಹೊಸಬರ ಕೊರಳಿಗೆ ಹಾಕುತ್ತಾರೆ. ಶಾಲು, ಏಲಕ್ಕಿ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಸಾಂಗವಾಗಿ ನೆರವೇರುತ್ತವೆ. ಜಿಲ್ಲೆಯ ಪತ್ರಿಕೆಗಳಿಗೆ ನಾಲ್ಕು ಜಾಹೀರಾತು, ಫ್ಲೆಕ್ಸ್ ಅಂಗಡಿಯವನಿಗೆ ಎರಡು ದಿನ ಬಿಡುವಿಲ್ಲದ ಕೆಲಸ. ಪದಗ್ರಹಣದ ಊಟ ಮುಗಿದು ಕೈ ತೊಳೆದ ಮೇಲೆ ಹೊಸ ಮಂಡಳಿಯ ಮುಂದೆ ಒಂದು ಪ್ರಶ್ನೆ ಬಂದು ಕೂರುತ್ತದೆ. ಈಚಿನ ವರ್ಷಗಳಲ್ಲಿ ಅದು ಕ್ಲಬ್ಬಿನಿಂದ ಕ್ಲಬ್ಬಿಗೆ ಸುತ್ತುತ್ತಲೇ ಇದೆ. ವಾರ ವಾರ ಸೇರಲೇಬೇಕೇನ್ರೀ? ಹದಿನೈದು ದಿನಕ್ಕೊಮ್ಮೆ ಸೇರಿದರೆ ಸಾಲದೆ?

ಸಾಲದು ಎಂದೇ ಹೇಳಬೇಕಾಗಿದೆ.

ಇದು ಕ್ಲಬ್ಬಿನವರ ಒಳಮನೆಯ ಮಾತು, ಊರಿಗೇನು ಬಂತು ಎಂದು ಕೆಲವರು ಕೇಳಿಯಾರು. ಊರಿಗೂ ಬಂದಿದೆ. ಸರ್ಕಾರಿ ಶಾಲೆಯ ಅಂಗಳದಲ್ಲಿ ಕುಡಿಯುವ ನೀರಿನ ತೊಟ್ಟಿ, ಜಿಲ್ಲಾಸ್ಪತ್ರೆಯಲ್ಲಿ ರಕ್ತದಾನ ಶಿಬಿರ, ಬಸ್ ನಿಲ್ದಾಣದಲ್ಲಿ ಪೋಲಿಯೋ ಹನಿ ಹಾಕುವ ಮೇಜು, ಜೂನ್ ತಿಂಗಳಲ್ಲಿ ಮಕ್ಕಳಿಗೆ ನೋಟ್‌ಬುಕ್ಕು, ಬಡವರಿಗೆ ಹೊಲಿಗೆ ಯಂತ್ರ. ಇವೆಲ್ಲ ಆಕಾಶದಿಂದ ಉದುರಿದ್ದಲ್ಲ. ಯಾವುದೋ ಒಂದು ವಾರ ಯಾವುದೋ ಮೇಜಿನ ಸುತ್ತ ಕೂತವರಲ್ಲಿ ಒಬ್ಬರು ಪ್ರಸ್ತಾಪ ತೆಗೆದರು, ಮುಂದಿನ ವಾರ ಇನ್ನೊಬ್ಬರು ಎಸ್ಟಿಮೇಟು ತಂದರು, ಅದರ ಮುಂದಿನ ವಾರ ಮತ್ತೊಬ್ಬರು ಮುನಿಸಿಪಾಲಿಟಿಗೆ ಹೋಗಿ ಬಂದ ಸುದ್ದಿ ಹೇಳಿದರು. ಆ ಮೇಜನ್ನು ಅರ್ಧಕ್ಕರ್ಧ ಮಡಿಚಿಡುವ ಮಾತು ನಡೆದಾಗ ಊರಿನವರೂ ಒಂದು ಮಾತು ಆಡುವುದು ತಪ್ಪಲ್ಲ.

ನಿಯಮವೇನೋ ಸಡಿಲವಾಗಿದೆ. ಮೂರು ವರ್ಷಕ್ಕೊಮ್ಮೆ ಸೇರುವ ಅಂತರರಾಷ್ಟ್ರೀಯ ರೋಟರಿಯ ಶಾಸನ ಮಂಡಲಿ 2016ರಲ್ಲಿ ಕ್ಲಬ್ಬುಗಳಿಗೆ ಈ ಸ್ವಾತಂತ್ರ್ಯ ಕೊಟ್ಟಿತು. ತಿಂಗಳಿಗೆ ಎರಡು ಸಭೆಗಳಿಗೆ ಕಡಿಮೆಯಾಗದಂತೆ ನೋಡಿಕೊಂಡರೆ ಸಾಕು, ಉಳಿದದ್ದು ಕ್ಲಬ್ಬಿನ ಇಷ್ಟ ಎಂದಿತು. ಅಪ್ಪಣೆಯಲ್ಲ ಅದು, ಅನುಮತಿ. ಆದರೆ ಈ ದೇಶದಲ್ಲಿ ಕೆಲಸ ಕಡಿಮೆ ಮಾಡುವ ಅನುಮತಿ ಸಿಕ್ಕಿದರೆ ಅದನ್ನು ಅಪ್ಪಣೆಯೆಂದು ಓದಿಕೊಳ್ಳುವುದು ಕಚೇರಿಗಳಿಗಷ್ಟೇ ಸೀಮಿತವಾದ ಚಾಳಿಯಲ್ಲ.

ಈ ವಾರದ ಸಭೆ ಹುಟ್ಟಿದ್ದಾದರೂ ಹೇಗೆ? ಪಾಲ್ ಹ್ಯಾರಿಸ್ ಎಂಬ ವಕೀಲರು ಹಳ್ಳಿಗಾಡಿನಿಂದ ಷಿಕಾಗೋ ಪಟ್ಟಣಕ್ಕೆ ಬಂದು ನೆಲೆಸಿದವರು. ಕಕ್ಷಿದಾರರಿದ್ದರು, ಸ್ನೇಹಿತರಿರಲಿಲ್ಲ. ಒಂದು ಸಂಜೆ ಇನ್ನೊಬ್ಬ ವಕೀಲರ ಮನೆಗೆ ಊಟಕ್ಕೆ ಹೋದಾಗ ಅವರು ಹ್ಯಾರಿಸರನ್ನು ತಮ್ಮ ಬಡಾವಣೆಯಲ್ಲಿ ಸುತ್ತಾಡಿಸಿ, ಅಂಗಡಿ ಅಂಗಡಿಗೂ ನಿಂತು ಮಾಲೀಕರನ್ನು ಪರಿಚಯಿಸಿದರಂತೆ. ತಮ್ಮೂರಿನ ಪೇಟೆಬೀದಿ ಹ್ಯಾರಿಸರಿಗೆ ನೆನಪಾಯಿತು. ಅದಾಗಿ ಕೆಲವು ವರ್ಷಗಳಿಗೆ, 1905ರ ಫೆಬ್ರವರಿ 23ರಂದು, ಒಬ್ಬ ಗಣಿ ಎಂಜಿನಿಯರ ಕಚೇರಿಯಲ್ಲಿ ನಾಲ್ವರು ಸೇರಿದರು. ಒಬ್ಬರು ವಕೀಲರು, ಒಬ್ಬರು ಗಣಿ ಎಂಜಿನಿಯರು, ಒಬ್ಬರು ಕಲ್ಲಿದ್ದಲ ವ್ಯಾಪಾರಿ, ಮತ್ತೊಬ್ಬರು ದರ್ಜಿ. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ. ಸುತ್ತುತ್ತಾ ಹೋದದ್ದರಿಂದಲೇ ರೋಟರಿ ಎಂಬ ಹೆಸರು.

ಆ ನಾಲ್ವರೇನೂ ಲೋಕೋದ್ಧಾರಕ್ಕೆಂದು ಸೇರಿದವರಲ್ಲ. ಸ್ನೇಹ ಬೇಕಿತ್ತು, ಜೊತೆಗೆ ಒಬ್ಬರ ವ್ಯಾಪಾರ ಇನ್ನೊಬ್ಬರಿಗೆ ಸಿಗಲಿ ಎಂಬ ಲೆಕ್ಕಾಚಾರವೂ ಇತ್ತು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬುವರನ್ನು ಸೇರಲು ಕರೆದಾಗ, ತಮಗೆ ಮಾತ್ರ ಲಾಭ ಮಾಡಿಕೊಳ್ಳುವ ಸಂಘ ಬಹುಕಾಲ ಬಾಳದು ಎಂಬ ಅರ್ಥದ ಮಾತು ಬಂತು. ಆ ಮಾತು ನಾಟಿತು. ಆಗ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಸೇವೆ ಯಾವುದು ಗೊತ್ತೆ? ಪಟ್ಟಣದ ನಡುವೆ ಒಂದು ಸಾರ್ವಜನಿಕ ಶೌಚಾಲಯ!

ನಗಬೇಕಾಗಿಲ್ಲ. ಯಾವ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಾದರೂ ಇಳಿದ ಹೆಣ್ಣುಮಗಳನ್ನು ಕೇಳಿದರೆ ಅದರ ಬೆಲೆ ಹೇಳುತ್ತಾಳೆ. ಷಿಕಾಗೋದಲ್ಲೂ ಅದು ಸಲೀಸಾಗಿ ಆಗಲಿಲ್ಲ. ಗಂಡಸರಿಗೆ ನಮ್ಮ ಅಂಗಡಿಗಳಲ್ಲೇ ವ್ಯವಸ್ಥೆಯಿದೆ ಎಂದು ಮದ್ಯದವರು ಅಡ್ಡ ಬಂದರು, ಹೆಂಗಸರಿಗೆ ನಮ್ಮಲ್ಲೇ ಇದೆ ಎಂದು ದೊಡ್ಡ ಜವಳಿ ಅಂಗಡಿಗಳವರು ಅಡ್ಡ ಬಂದರು. ಒಳಗೆ ಬಂದವರು ಏನಾದರೂ ಕೊಂಡೇ ಹೋಗಲಿ ಎಂಬುದು ಒಳಗುಟ್ಟು. 1907ರಲ್ಲಿ ಶುರುವಾದ ಹಗ್ಗಜಗ್ಗಾಟ 1909ರವರೆಗೆ ನಡೆದು, ಕಡೆಗೆ ಶೌಚಾಲಯ ಆಯಿತು. ಎರಡು ವರ್ಷ! ಮತ್ತೆ ಮತ್ತೆ ಸೇರಿ, ಮತ್ತೆ ಮತ್ತೆ ಅದೇ ವಿಷಯ ಎತ್ತಿ, ಬೇಸರವಾದರೂ ಬಿಡದೆ ಹಿಡಿದದ್ದರಿಂದ ಆದ ಕೆಲಸ ಅದು. ತಿಂಗಳಿಗೊಮ್ಮೆ ನೆನಪಾಗುವವರ ಕೈಲಿ ಶೌಚಾಲಯ ಆಗುವುದಿಲ್ಲ. ಶೌಚಾಲಯ ಬೇಕೆಂಬ ಮನವಿ ಪತ್ರ ಮಾತ್ರ ಆಗುತ್ತದೆ.

ಭಾರತಕ್ಕೆ ರೋಟರಿ ಬಂದದ್ದು 1919ರಲ್ಲಿ, ಕಲ್ಕತ್ತೆಗೆ. ಬೆಂಗಳೂರಿಗೆ 1934ರಲ್ಲಿ ಬಂತು. ಆಮೇಲೆ ಜಿಲ್ಲಾ ಕೇಂದ್ರಗಳಿಗೆ, ತಾಲ್ಲೂಕುಗಳಿಗೆ ಹಬ್ಬಿತು. ಮೊದಮೊದಲು ದೊರೆಗಳ ಕಾಲದ ಸೂಟುಬೂಟಿನ ಗತ್ತು, ಇಂಗ್ಲಿಷಿನಲ್ಲೇ ಭಾಷಣ. ಇಂದು ಎಷ್ಟೋ ಊರುಗಳಲ್ಲಿ ಸಭೆ ಅಚ್ಚ ಕನ್ನಡದಲ್ಲಿ ನಡೆಯುತ್ತದೆ.

ಸಭೆಯ ಕ್ರಮ ಗೊತ್ತಿಲ್ಲದವರಿಗೆ ಅದೊಂದು ವಿಚಿತ್ರ ಪೂಜೆಯಂತೆ ಕಂಡೀತು. ಅಧ್ಯಕ್ಷರು ಹಿತ್ತಾಳೆ ಗಂಟೆಯ ಮೇಲೆ ಪುಟ್ಟ ಸುತ್ತಿಗೆಯಿಂದ ಬಡಿಯುತ್ತಾರೆ, ಸಭೆ ಶುರು. ಪ್ರಾರ್ಥನೆ ಆಗುತ್ತದೆ. ಆಮೇಲೆ ಆಡುವ ಮಾತು ಮಾಡುವ ಕೆಲಸ ಸತ್ಯವೆ, ನ್ಯಾಯವೆ, ಸ್ನೇಹ ಬೆಳೆಸೀತೆ, ಎಲ್ಲರಿಗೂ ಹಿತವಾದೀತೆ ಎಂಬ ನಾಲ್ಕು ಪ್ರಶ್ನೆಗಳ ಪಠನ. 1932ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಒಂದು ಪಾತ್ರೆ ಕಂಪನಿಯನ್ನು ಉಳಿಸಲು ಹರ್ಬರ್ಟ್ ಟೇಲರ್ ಎಂಬ ವ್ಯಾಪಾರಸ್ಥರು ಬರೆದುಕೊಂಡ ಪ್ರಶ್ನೆಗಳಿವು. ಪೇಟೆಬೀದಿಯಲ್ಲಿ ಹುಟ್ಟಿದ ಮಂತ್ರವಾದ್ದರಿಂದ ಪೇಟೆಬೀದಿಯವರಿಗೆ ಹೊಂದುತ್ತದೆ. ತೂಕದಲ್ಲಿ ಕೈಯಾಡಿಸುವವರೂ ಅದನ್ನು ಗಟ್ಟಿಯಾಗಿ ಹೇಳುತ್ತಾರೆ ಎಂದು ಆಡಿಕೊಳ್ಳುವವರಿದ್ದಾರೆ. ಇದ್ದಾರು. ವಾರಕ್ಕೊಮ್ಮೆ ನಾಲ್ಕು ಜನರೆದುರು ಹೇಳಬೇಕಾಗಿ ಬಂದರೆ ಅಂಥವರಿಗೂ ನಾಲಗೆ ಒಂದು ಗಳಿಗೆ ತಡವರಿಸದೆ ಇರಲಾರದು.

ಕಾರ್ಯದರ್ಶಿಯ ಪ್ರಕಟಣೆ, ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಅತಿಥಿಯ ಭಾಷಣ, ವಂದನಾರ್ಪಣೆ, ಮತ್ತೆ ಗಂಟೆ. ನಡುವೆ ಶಿಸ್ತಿನ ಅಧಿಕಾರಿ ದಂಡ ಎತ್ತುವುದುಂಟು. ತಡವಾಗಿ ಬಂದವರಿಗೆ ದಂಡ, ಕೋಟಿಗೆ ಚಕ್ರದ ಪಿನ್ನು ಚುಚ್ಚದೆ ಬಂದವರಿಗೆ ದಂಡ, ಪತ್ರಿಕೆಯಲ್ಲಿ ಫೋಟೋ ಬಂದರೆ ಅದಕ್ಕೂ ದಂಡ! ನಗುತ್ತಾ ಕೊಡುತ್ತಾರೆ. ಷಿಕಾಗೋದ ಮೊದಲ ದಿನಗಳಲ್ಲಿ ಒಬ್ಬರನ್ನೊಬ್ಬರು ಮಿಸ್ಟರ್ ಎಂದು ಕರೆದರೂ ದಂಡವಿತ್ತಂತೆ, ಹೆಸರು ಹಿಡಿದೇ ಕರೆಯಬೇಕಿತ್ತು. ಅದು ಮಾತ್ರ ಕನ್ನಡ ನಾಡಿನಲ್ಲಿ ನಡೆಯಲಿಲ್ಲ. ಎಪ್ಪತ್ತು ದಾಟಿದ ಡಾಕ್ಟರನ್ನು ಮೂವತ್ತರ ಹುಡುಗ ಹೆಸರು ಹಿಡಿದು ಕರೆದರೆ ಕ್ಲಬ್ಬೇ ಒಡೆದೀತು. ಹಾಗಾಗಿ ಡಾಕ್ಟ್ರೇ, ಲಾಯರ್ರೇ, ಸಾಹುಕಾರ್ರೇ, ಮೇಷ್ಟ್ರೇ ಎಂದೇ ಉಳಿಯಿತು. ತೀರಾ ಬಿಗುವಾದರೆ ಎಲ್ಲರಿಗೂ ಸಮಾನವಾಗಿ ರೊಟೇರಿಯನ್ ಎಂಬ ಬಿರುದು.

ಹಾಜರಿಯೂ ಒಂದು ಕಟ್ಟಳೆ. ಒಪ್ಪುವಂಥ ಕಾರಣವಿಲ್ಲದೆ ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು ಬರಬಹುದೆಂಬ ನಿಯಮ ಪುಸ್ತಕದಲ್ಲಿದೆ. ಆದರೆ ಊರಿನಲ್ಲಿಲ್ಲದ ದಿನ ಬೇರೆ ಊರಿನ ಕ್ಲಬ್ಬಿನಲ್ಲಿ ಕೂತು ಬಂದರೂ ಹಾಜರಿ ಕೂಡುತ್ತದೆ. ಅದಕ್ಕೆ ಅವರು ‘ಮೇಕಪ್’ ಎನ್ನುತ್ತಾರೆ. ಯಜಮಾನರು ಹುಬ್ಬಳ್ಳಿಗೆ ಹೋಗಿ ಮೇಕಪ್ ಮಾಡಿಕೊಂಡು ಬಂದರಂತೆ ಎಂದು ಮನೆಯಲ್ಲಿ ಹೇಳಿದರೆ ಹೆಂಗಸರು ಮುಸಿಮುಸಿ ನಗುವುದುಂಟು. ಹಾಸ್ಯ ಹಾಗಿರಲಿ. ದಾವಣಗೆರೆಯ ಜವಳಿ ವ್ಯಾಪಾರಿ ಗೊತ್ತುಗುರಿಯಿಲ್ಲದ ಊರಿಗೆ ಹೋದಾಗ, ಇಂಥ ವಾರ ಇಂಥ ಹೊತ್ತಿಗೆ ಇಂಥ ಕಡೆ ಇಪ್ಪತ್ತು ಜನ ಕೂತಿರುತ್ತಾರೆ, ಹೋಗಿ ಕೂತರೆ ‘ಬನ್ನಿ’ ಎನ್ನುತ್ತಾರೆ ಎಂಬ ಧೈರ್ಯ ಇತ್ತಲ್ಲ, ಅದು ವಾರದ ಸಭೆ ಕೊಟ್ಟ ಧೈರ್ಯ. ಯಾವ ವಾರ ಉಂಟು, ಯಾವ ವಾರ ಇಲ್ಲ ಎಂದು ಫೋನು ಮಾಡಿ ಕೇಳಿಕೊಂಡು ಹೋಗಬೇಕಾದ ಕಡೆಗೆ ಯಾರೂ ಹೋಗುವುದಿಲ್ಲ.

ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರದ ಸಂತೆ ಎಂದರೆ ಸೋಮವಾರದ ಸಂತೆ. ಸಂತೆಗೆ ಹೋದವನು ಬರೀ ಮೆಣಸಿನಕಾಯಿ ತರಲು ಹೋಗಿರುವುದಿಲ್ಲ. ಯಾರ ಮನೆಯಲ್ಲಿ ಹೆಣ್ಣಿದೆ, ಯಾರ ಎತ್ತು ಮಾರಾಟಕ್ಕಿದೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬರುತ್ತಾನೆ. ಈ ಸೋಮವಾರ ಉಂಟು, ಮುಂದಿನ ಸೋಮವಾರ ಇಲ್ಲ ಎಂದು ಸಾರಿ ನೋಡಲಿ. ಆರು ತಿಂಗಳಲ್ಲಿ ಸಂತೆಮಾಳದಲ್ಲಿ ಕತ್ತೆ ಮೇಯುತ್ತಿರುತ್ತವೆ.

ಇನ್ನು ಮುಖ್ಯ ಮಾತಿಗೆ ಬರಬೇಕು. ರೋಟರಿಯ ಸೇವೆಯಲ್ಲಿ ಒಂದು ಹುಟ್ಟುರೋಗವಿದೆ, ಅಧ್ಯಕ್ಷಗಿರಿ ಒಂದೇ ವರ್ಷದ್ದು. ಬಂದವರಿಗೆಲ್ಲ ತಮ್ಮ ವರ್ಷದ ಕಲ್ಲು ನೆಡಬೇಕೆಂಬ ಆಸೆ. ಶಾಲೆಯೊಂದಕ್ಕೆ ಶುದ್ಧ ನೀರಿನ ಘಟಕ ಬರುತ್ತದೆ. ರಿಬ್ಬನ್ನು, ಫೋಟೋ, ಅಮೃತಶಿಲೆಯ ಫಲಕದಲ್ಲಿ ಹನ್ನೆರಡು ಹೆಸರು. ಮರುವರ್ಷ ಹೊಸ ಅಧ್ಯಕ್ಷರು ಬೇರೆ ಶಾಲೆ ನೋಡಿಕೊಳ್ಳುತ್ತಾರೆ. ಹಳೆಯ ಘಟಕದ ಫಿಲ್ಟರು ಕಟ್ಟಿಕೊಳ್ಳುತ್ತದೆ, ನಲ್ಲಿ ಮುರಿಯುತ್ತದೆ, ಯಾರೋ ಮೋಟರು ಬಿಚ್ಚಿಕೊಂಡು ಹೋಗುತ್ತಾರೆ. ಫಲಕಕ್ಕೆ ಮಾತ್ರ ಏನೂ ಆಗುವುದಿಲ್ಲ, ಹನ್ನೆರಡೂ ಹೆಸರು ಸ್ಪಷ್ಟವಾಗಿ ಓದಲು ಬರುತ್ತವೆ. ಮಕ್ಕಳು ಬಾಯಾರಿದಾಗ ಅದನ್ನು ಓದಬಹುದು!

ಈ ರೋಗಕ್ಕೆ ಇದ್ದ ಮದ್ದೆಂದರೆ ವಾರದ ಮೇಜು. ಅಲ್ಲಿ ಒಬ್ಬ ಹಳೆಯ ಸದಸ್ಯರು ಇರುತ್ತಿದ್ದರು. ಪ್ರತಿ ಕ್ಲಬ್ಬಿನಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ, ಅಧ್ಯಕ್ಷರಿಗೆ ಅವರನ್ನು ಕಂಡರಾಗದು. ಪ್ರಕಟಣೆಗಳೆಲ್ಲ ಮುಗಿದು ಗಂಟೆ ಬಾರಿಸಬೇಕು ಎನ್ನುವಾಗ ಮೆಲ್ಲಗೆ ಎದ್ದು ‘ಅಧ್ಯಕ್ಷರೇ, ಹೋದ ವರ್ಷದ ಆ ನಲ್ಲಿ ಏನಾಯ್ತು?’ ಎನ್ನುವವರು. ಈ ವಾರ ಕೇಳುತ್ತಾರೆ, ನೋಡೋಣ ಎನ್ನುತ್ತಾರೆ. ಮುಂದಿನ ವಾರವೂ ಕೇಳುತ್ತಾರೆ, ಪ್ಲಂಬರು ಸಿಗಲಿಲ್ಲ ಎನ್ನುತ್ತಾರೆ. ಮೂರನೇ ವಾರ ಕೇಳುವ ಹೊತ್ತಿಗೆ, ಇವರ ಕಾಟ ತಪ್ಪಲಿ ಎಂದಾದರೂ ನಲ್ಲಿ ರಿಪೇರಿಯಾಗಿರುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೆ, ಅದರಲ್ಲೂ ಒಂದು ಸಭೆ ಪಿಕ್‌ನಿಕ್ಕಿಗೋ ಗೌರ್ನರ ಭೇಟಿಗೋ ಹೋದರೆ, ಈ ಪ್ರಶ್ನೆ ಕೇಳುವ ಸಂದಿಯೇ ಇರುವುದಿಲ್ಲ. ವಾಟ್ಸಪ್ ಗುಂಪಿನಲ್ಲಿ ಕೇಳಬಹುದಲ್ಲ ಎನ್ನುತ್ತಾರೆ. ಕೇಳಬಹುದು. ಐದು ಜನ ಕೈಮುಗಿದ ಚಿತ್ರ ಹಾಕುತ್ತಾರೆ, ಆರನೆಯವರು ಶುಭೋದಯದ ಗುಲಾಬಿ ಹಾಕುತ್ತಾರೆ, ನಲ್ಲಿಯ ಮಾತು ಮೇಲೆ ಹೋಗಿಬಿಡುತ್ತದೆ. ಎದುರಿಗೆ ನಿಂತು ಕೇಳಿದವರ ಮುಖ ನೋಡಿ ಉತ್ತರ ಕೊಡಬೇಕಾದ ಸಂಕೋಚ ಬೇರೆ ವಸ್ತು.

ಪೋಲಿಯೋ ಕೆಲಸವನ್ನೇ ನೋಡಬಹುದು. ಜಗತ್ತಿನ ಮಕ್ಕಳಿಗೆಲ್ಲ ಪೋಲಿಯೋ ಲಸಿಕೆ ಎಂದು ರೋಟರಿ 1985ರಲ್ಲಿ ಘೋಷಿಸಿದಾಗ, ಇವರ ಕೈಲಾಗುವ ಮಾತೇ ಎಂದು ನಕ್ಕವರಿದ್ದರು. ಭಾರತದಲ್ಲಿ 1995ರಿಂದ ದೇಶದಾದ್ಯಂತ ಪಲ್ಸ್ ಪೋಲಿಯೋ ಭಾನುವಾರಗಳು ಶುರುವಾದವು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಜೊತೆಗೆ ರೋಟರಿಯವರೂ ಕೈಜೋಡಿಸಿದರು. ಮನೆಮನೆ ಸುತ್ತಿದ ಅಂಗನವಾಡಿ ಕಾರ್ಯಕರ್ತೆಯರ, ಆರೋಗ್ಯ ಸಹಾಯಕಿಯರ ಪಾಲು ದೊಡ್ಡದು, ಅದನ್ನು ಮರೆತು ಹಾರವನ್ನೆಲ್ಲ ಕ್ಲಬ್ಬಿಗೇ ಹಾಕುವುದು ಅನ್ಯಾಯ. ಆದರೂ ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ, ಸಂತೆಯಲ್ಲಿ ಮೇಜು ಹಾಕಿ, ಐಸ್ ಪೆಟ್ಟಿಗೆ ಹೊತ್ತು, ಕಾರ್ಯಕರ್ತರಿಗೆ ತಿಂಡಿ ಕಾಫಿ ಒದಗಿಸಿ, ಯಾರ ಜೀಪು ಯಾವ ಹಳ್ಳಿಗೆ ಎಂದು ಹಂಚಿಕೊಂಡು ನಿಂತವರಲ್ಲಿ ಊರೂರಿನ ರೊಟೇರಿಯನ್ನರಿದ್ದರು. 2009ರಲ್ಲೂ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೋ ತಗುಲಿತ್ತು. ಕಡೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಬಂತು. ಸುಮಾರು ಇಪ್ಪತ್ತು ವರ್ಷ ಅದೇ ಮೇಜು, ಅದೇ ಹನಿ. ಕ್ಲಬ್ಬಿನ ಅಧ್ಯಕ್ಷರು ಅಷ್ಟರಲ್ಲಿ ಇಪ್ಪತ್ತು ಸಲ ಬದಲಾದರು. ಭಾನುವಾರ ಬೆಳಿಗ್ಗೆ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುತ್ತಿದ್ದದ್ದು ಆ ವಾರದ ಸಭೆಯಲ್ಲೇ.

ಹಾಗೆಂದು ವಾರದ ಸಭೆಯ ಎಲ್ಲವೂ ಸೊಗಸು ಎನ್ನಲಾಗದು. ಜನ ಅದನ್ನು ‘ಊಟದ ಕ್ಲಬ್ಬು’ ಎಂದು ಕರೆಯುವುದು ಬರೀ ಹೊಟ್ಟೆಕಿಚ್ಚಿನಿಂದಲ್ಲ. ಹೋಟೆಲಿನ ಹಾಲು, ಬಫೆ ಊಟ, ಎರಡು ಪಲ್ಯ, ಐಸ್ ಕ್ರೀಮು. ಈ ಖರ್ಚು ಪ್ರತಿ ವಾರ ಬಿದ್ದರೆ ಶಾಲಾ ಮೇಷ್ಟ್ರು, ಸಣ್ಣ ಪ್ರೆಸ್ ಇಟ್ಟುಕೊಂಡವರು, ಔಷಧಿ ಅಂಗಡಿಯ ಹುಡುಗ ಯಾವ ಬಾಯಲ್ಲಿ ಸದಸ್ಯರಾಗುತ್ತೇವೆ ಎಂದಾರು? ಷಿಕಾಗೋದ ಮೊದಲ ನಾಲ್ವರಲ್ಲಿ ಒಬ್ಬರು ದರ್ಜಿ ಎಂಬುದನ್ನು ಮರೆತ ಕ್ಲಬ್ಬುಗಳು ಬೇಕಾದಷ್ಟಿವೆ. ಒಂದೊಂದು ಕಸುಬಿಗೆ ಒಬ್ಬರು ಎಂಬ ಹಳೆಯ ಕಟ್ಟುನಿಟ್ಟು ಸಡಿಲವಾದ ಮೇಲಂತೂ ಕೆಲವೆಡೆ ಮೇಜಿನ ಸುತ್ತ ಕಂಟ್ರಾಕ್ಟರುಗಳೇ ಕಾಣುತ್ತಾರೆ.

ಹೆಂಗಸರ ವಿಷಯವೂ ಹೇಳಿಕೊಳ್ಳುವಂಥದ್ದಲ್ಲ. ಬಹುಕಾಲ ಇದು ಗಂಡಸರ ಕೂಟ. ಸದಸ್ಯರ ಹೆಂಡತಿಯರನ್ನು ‘ಆನ್’ ಎಂದೂ ಮಕ್ಕಳನ್ನು ‘ಆನೆಟ್’ ಎಂದೂ ಕರೆದು ಕೌಟುಂಬಿಕ ಸಂಜೆಗೆ ಮಾತ್ರ ಬರಮಾಡಿಕೊಳ್ಳುತ್ತಿದ್ದರು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಆ ಕ್ಲಬ್ಬನ್ನೇ ಹೊರಹಾಕಲಾಯಿತು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1987ರಲ್ಲಿ ಮಹಿಳೆಯರ ಪರವಾಗಿ ತೀರ್ಪಾಯಿತು. 1989ರಲ್ಲಿ ಜಗತ್ತಿನ ಎಲ್ಲ ಕ್ಲಬ್ಬುಗಳ ಬಾಗಿಲೂ ತೆರೆಯಿತು. 2022ರಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆ ಅಂತರರಾಷ್ಟ್ರೀಯ ಅಧ್ಯಕ್ಷರೂ ಆದರು. ಬಾಗಿಲು ತೆರೆದದ್ದೇನೋ ಸರಿ. ರಾತ್ರಿ ಎಂಟೂವರೆಗೆ ಶುರುವಾಗಿ ಹತ್ತೂವರೆಗೆ ಊಟಕ್ಕೆ ಏಳುವ ಸಭೆಗೆ, ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುವ ಲೇಡಿ ಡಾಕ್ಟರು ಹೇಗೆ ಬರಬೇಕು?

ಸಭೆ ಕಡಿಮೆ ಮಾಡಬೇಕೆನ್ನುವವರ ಕಷ್ಟವೂ ಸುಳ್ಳಲ್ಲ. ಹುಡುಗರಿಗೆ ಕೆಲಸದ ಒತ್ತಡ ಜಾಸ್ತಿ. ವಾರ ವಾರ ಭಾಷಣಕಾರರು ಎಲ್ಲಿಂದ ಬರಬೇಕು? ಬಂದವರೂ ಒತ್ತಡ ನಿವಾರಣೆಯ ಬಗ್ಗೆಯೇ ಮುಕ್ಕಾಲು ಗಂಟೆ ಮಾತಾಡಿ ಕೇಳುವವರ ಒತ್ತಡ ಹೆಚ್ಚಿಸಿ ಹೋಗುತ್ತಾರೆ. ಲಯನ್ಸ್‌ನವರು ಸಾಮಾನ್ಯವಾಗಿ ತಿಂಗಳಿಗೆ ಎರಡೇ ಸಲ ಸೇರುವುದು, ಅವರ ಕಣ್ಣಿನ ಶಿಬಿರಗಳು ನಿಂತಿವೆಯೇ ಎಂದು ಕೇಳುವವರೂ ಇದ್ದಾರೆ. ನಿಂತಿಲ್ಲ. ಆದರೆ ಅವರು ಮನೆ ಕಟ್ಟಿದ್ದೇ ಆ ಅಳತೆಗೆ. ರೋಟರಿಯವರು ಕಟ್ಟಿದ ಮನೆಯ ಕಂಬ ತೆಗೆಯಲು ಹೊರಟಿದ್ದಾರೆ.

ತೆಗೆಯಬೇಕಾದದ್ದು ಬಫೆಯನ್ನು. ವಾರದ ಸಭೆಗೆ ಹೋಟೆಲಿನ ಹಾಲು ಯಾಕೆ ಬೇಕು? ಒಂದು ತಟ್ಟೆ ಉಪ್ಪಿಟ್ಟು, ಒಂದು ಲೋಟ ಕಾಫಿ ಸಾಕು, ಸಂಜೆ ಆರೂವರೆಗೆ ಗಂಟೆ ಬಾರಿಸಿ ಏಳೂವರೆಗೆ ಎಲ್ಲರೂ ಮನೆ ಸೇರಬಹುದು. ಷಿಕಾಗೋದವರ ಹಾಗೆ ಒಂದು ವಾರ ಒಬ್ಬರ ಅಂಗಡಿ, ಮುಂದಿನ ವಾರ ಇನ್ನೊಬ್ಬರ ಆಸ್ಪತ್ರೆ, ಆಮೇಲೆ ಮತ್ತೊಬ್ಬರ ಅಕ್ಕಿ ಗಿರಣಿ ಎಂದು ಸುತ್ತಿದರೆ ಬಾಡಿಗೆಯೂ ಉಳಿಯುತ್ತದೆ, ಒಬ್ಬರ ಬದುಕು ಇನ್ನೊಬ್ಬರಿಗೆ ತಿಳಿಯುತ್ತದೆ. ಭಾಷಣಕಾರರು ಸಿಗದ ವಾರ ತಮ್ಮಲ್ಲೇ ಒಬ್ಬರು ತಮ್ಮ ಕಸುಬಿನ ಬಗ್ಗೆ ಮಾತಾಡಲಿ. ಹತ್ತಿ ದಲ್ಲಾಳಿ ಹತ್ತಿಯ ವಿಷಯ ಹೇಳಿದರೆ ಯಾವ ವ್ಯಕ್ತಿತ್ವ ವಿಕಸನದ ಉಪನ್ಯಾಸಕ್ಕೂ ಅದು ಕಡಿಮೆಯಲ್ಲ. ತಿಂಗಳಲ್ಲಿ ಒಂದು ಸಭೆಯಾದರೂ ಯಾವುದಾದರೂ ಹಳೆಯ ಫಲಕದ ಮುಂದೆ ನಡೆಯಲಿ.

ಊರು ಬೆಳೆದಂತೆಲ್ಲ ಜನ ಒಬ್ಬರಿಗೊಬ್ಬರು ದೂರವಾಗುತ್ತಿದ್ದಾರೆ. ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ. ವರ್ಗವಾಗಿ ಬಂದ ಅಧಿಕಾರಿ ಕ್ವಾರ್ಟರ್ಸಿನಲ್ಲಿ ಒಂಟಿ. ಜಾತಿ ಸಂಘಗಳಿವೆ, ಅಲ್ಲಿ ಒಂದೇ ಜಾತಿ. ಪಕ್ಷದ ಕಚೇರಿಗಳಿವೆ, ಅಲ್ಲಿ ಒಂದೇ ಬಾವುಟ. ಅಡತಿ ಸಾಹುಕಾರರು, ಕಾಲೇಜಿನ ಮೇಡಂ, ಹಲ್ಲಿನ ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಬೇರೆ ಬೇರೆ ದೇವರಿಗೆ ಕೈಮುಗಿಯುವವರು ಕೆಲಸವಿಲ್ಲದೆ ಒಂದೇ ಮೇಜಿಗೆ ಕೂರುವ ಜಾಗ ಜಿಲ್ಲಾ ಕೇಂದ್ರದಲ್ಲಿ ಎಷ್ಟಿವೆ? ಬೆರಳು ಮಡಿಚಿದರೆ ಒಂದು ಕೈ ತುಂಬುವುದಿಲ್ಲ. ಊರಿನಲ್ಲಿ ಗಲಾಟೆಯಾದ ರಾತ್ರಿ ಯಾರು ಯಾರಿಗೆ ಫೋನು ಮಾಡಬಹುದು ಎಂಬುದು ಹಿಂದಿನ ಐವತ್ತು ವಾರ ಯಾರು ಯಾರ ಪಕ್ಕ ಕೂತು ಕಾಫಿ ಕುಡಿದಿದ್ದರು ಎಂಬುದರ ಮೇಲೆ ನಿಂತಿರುತ್ತದೆ.

ಹೊಸ ಮಂಡಳಿಗಳು ಜುಲೈ ತಿಂಗಳ ಮೊದಲ ವಾರ ಸೇರುತ್ತವೆ. ಸಭೆಗಳ ಸಂಖ್ಯೆಯ ವಿಷಯ ಪಟ್ಟಿಯಲ್ಲಿದ್ದರೆ ಅದನ್ನು ಕಡೆಗೆ ಇಟ್ಟುಕೊಳ್ಳಲಿ. ಅದಕ್ಕೆ ಮೊದಲು ಹಿಂದಿನ ಐದು ವರ್ಷಗಳಲ್ಲಿ ತಮ್ಮ ಕ್ಲಬ್ಬು ಹಾಕಿಸಿದ ನಲ್ಲಿ, ತೊಟ್ಟಿ, ಬೆಂಚು, ಶೌಚಾಲಯಗಳ ಪಟ್ಟಿಯನ್ನು ಕಾರ್ಯದರ್ಶಿ ಓದಲಿ, ಪ್ರತಿಯೊಂದರ ಮುಂದೆ ಈಗ ನಡೆಯುತ್ತಿದೆಯೋ ಇಲ್ಲವೋ ಎಂದು ಬರೆದುಕೊಂಡು ಬರಲಿ. ಪಟ್ಟಿ ಓದಿ ಮುಗಿಸಲು ಎಷ್ಟು ವಾರ ಬೇಕಾಗುತ್ತದೆ ಎಂಬುದು ಆಗ ಅವರಿಗೇ ಗೊತ್ತಾಗುತ್ತದೆ.